ಒಳ್ಳೆಯ ಪಾದ್ರಿಯ ಬಿಡುಗಡೆ ಅರ್ಜಿ

೨೦೦೩ನೇ ಇಸವಿಯಲ್ಲಿ ನಾನು ಜಮಖಂಡಿಯಲ್ಲಿ ಕಥೋಲಿಕ ಗುರುವಾಗಿದ್ದೆ. ಒಂದು ಸಣ್ಣ ಚರ್ಚು, ಅದಕ್ಕೆ ಅಂಟಿಕೊಂಡ ಎರಡು ಕೋಣೆಯ ವಸತಿ, ಭಾನುವಾರದ ಪೂಜೆಗೆ ಬರುವ ಇಪ್ಪತ್ತಮೂರು ಮನೆತನ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಚದುರಿಕೊಂಡಿದ್ದ ಕ್ರೈಸ್ತ ಕುಟುಂಬಗಳೂ ನನ್ನ ಪಾಲಿಗೇ ಸೇರಿದ್ದವು. ಇದರ ಜೊತೆ ಇನ್ನೊಂದು ಕೆಲಸವಿತ್ತು. ಚಿಕ್ಕ ವಯಸ್ಸಿನಲ್ಲಿ ನನ್ನನ್ನು ಎರಡು ವರ್ಷ ಬೆಂಗಳೂರಿಗೆ ಕಳಿಸಿ ಧರ್ಮಸಭೆಯ ಕಾನೂನು ಓದಿಸಿದ್ದರು. ಕ್ಯಾನನ್ ಲಾ ಎಂದು ಅದರ ಹೆಸರು. ಮದುವೆ, ದೀಕ್ಷೆ, ವ್ರತ, ಇವುಗಳಲ್ಲಿ ಯಾವುದು ಸಿಂಧು, ಯಾವುದು ಅಸಿಂಧು ಎಂದು ಹೇಳುವ ಶಾಸ್ತ್ರ. ಹೀಗಾಗಿ ಬಿಷಪ್ಪರ ಕಚೇರಿಗೆ ತಂಟೆಯ ಕಡತ ಯಾವುದು ಬಂದರೂ ಅದು ಬಸ್ಸು ಹತ್ತಿ ಜಮಖಂಡಿಗೆ ಬರುತ್ತಿತ್ತು. ಕಡತ ಕಟ್ಟುವುದರಲ್ಲಿ ನನಗೆ ಹೆಸರಿತ್ತು, ಆ ಹೆಸರಿನ ಸೊಕ್ಕೂ ಇತ್ತು. ಈಗ ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ನಿವೃತ್ತ ಗುರುಗಳ ಮನೆಯಲ್ಲಿ ಕೂತು ಬರೆಯುತ್ತಿರುವುದು ಆ ಸೊಕ್ಕು ಇಳಿದ ಸಂಗತಿ.

ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಕಥೋಲಿಕ ಗುರು ಮದುವೆಯಾಗುವಂತಿಲ್ಲ. ಇದು ದೇವರು ಬರೆದುಕೊಟ್ಟ ಆಜ್ಞೆಯಲ್ಲ, ಧರ್ಮಸಭೆ ತಾನು ಮಾಡಿಕೊಂಡ ಕಟ್ಟಳೆ. ಕ್ರಿಸ್ತನ ಹಿರಿಯ ಶಿಷ್ಯ ಪೇತ್ರನ ಅತ್ತೆಗೆ ಜ್ವರ ಬಂದು ವಾಸಿಯಾದ ಸಂಗತಿ ಸುವಾರ್ತೆಯಲ್ಲೇ ಇದೆ. ಅತ್ತೆ ಇದ್ದಮೇಲೆ ಹೆಂಡತಿ ಇದ್ದಿರಲೇಬೇಕು. ಪೋಪರನ್ನು ಒಪ್ಪುವ ಪೂರ್ವದೇಶದ ಕೆಲವು ಸಭೆಗಳಲ್ಲಿ ಮದುವೆಯಾದವರೂ ಗುರುಗಳಾಗುತ್ತಾರೆ. ಪ್ರೊಟೆಸ್ಟಂಟ್ ಪಾಸ್ಟರೊಬ್ಬರು ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದು ನಮ್ಮಲ್ಲಿ ಚಹಾ ಕುಡಿದು ಹೋಗುತ್ತಿದ್ದರು. ನಮ್ಮ ಕಡೆಯ ಜನಕ್ಕೆ ಇದೇನೂ ಹೊಸದಲ್ಲ. ವಿರಕ್ತ ಮಠದ ಸ್ವಾಮಿಗಳು ಬ್ರಹ್ಮಚಾರಿಗಳು, ಹಿರೇಮಠದ ಅಯ್ಯನವರು ಸಂಸಾರಸ್ಥರು. ಜನ ಇಬ್ಬರ ಕಾಲಿಗೂ ಬೀಳುತ್ತಾರೆ. ನನಗೆ ನನ್ನ ವ್ರತದ ಬಗ್ಗೆ ಪಶ್ಚಾತ್ತಾಪವಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂಟಿತನ ಇತ್ತು, ಈಗಲೂ ಇದೆ, ಆದರೆ ಅದನ್ನು ನಾನೇ ಆರಿಸಿಕೊಂಡದ್ದು.

ಇನ್ನಾಸಪ್ಪ ಆರಿಸಿಕೊಂಡವನಲ್ಲ. ಅವನೂ ನಾನೂ ಮುದಗಲ್ಲಿನ ಕಡೆಯ ಹಳೆಯ ಕ್ರೈಸ್ತ ಮನೆತನದವರು. ನನಗಿಂತ ಹದಿನೈದು ವರ್ಷ ಚಿಕ್ಕವನು, ನಾನು ಇನ್ನಾಸಿ ಎಂದೇ ಕರೆಯುತ್ತಿದ್ದೆ. ಅವನ ತಂದೆಗೆ ಮೊದಲೆರಡು ಗಂಡು ಮಕ್ಕಳು ಹುಟ್ಟಿ ಸತ್ತಿದ್ದವು. ಮೂರನೆಯದು ಉಳಿದರೆ ದೇವರ ಸೇವೆಗೆ ಕೊಡುತ್ತೇನೆಂದು ಆತ ಹರಕೆ ಹೊತ್ತಿದ್ದ. ಇನ್ನಾಸಿ ಉಳಿದ. ಹದಿನಾಲ್ಕನೆಯ ವಯಸ್ಸಿಗೆ ಟ್ರಂಕು ಕೊಟ್ಟು ಅವನನ್ನು ಗುರುಮಠಕ್ಕೆ ಬಿಟ್ಟು ಬಂದರು. ಎರಡು ಸಲ ಓಡಿ ಬಂದ, ಎರಡು ಸಲವೂ ತಂದೆಯೇ ಕೈಹಿಡಿದು ವಾಪಸು ಒಯ್ದ. ಊರಿಗೆಲ್ಲ ಗೊತ್ತಿದ್ದ ವಿಷಯ ಇದು. ೧೯೯೩ರಲ್ಲಿ ಅವನ ಗುರುದೀಕ್ಷೆಯಾದಾಗ ಆ ತಂದೆ ಸಂತೋಷಕ್ಕೆ ಅತ್ತದ್ದನ್ನು ನಾನೇ ನೋಡಿದ್ದೇನೆ.

೧೯೯೭ರಲ್ಲಿ, ಬಾಗಲಕೋಟೆ ಬೇರೆ ಜಿಲ್ಲೆಯಾದ ಹೊತ್ತಿನಲ್ಲಿ, ಅವನನ್ನು ಮುಳುಗಡೆಯವರ ಸೇವೆಗೆಂದು ಬೀಳಗಿಗೆ ಹಾಕಿದರು. ಅಣೆಕಟ್ಟಿನ ಹಿನ್ನೀರು ಏರುತ್ತಿದ್ದ ಕಾಲ. ಹೊಳೆದಂಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಪುನರ್ವಸತಿ ಕೇಂದ್ರಗಳಿಗೆ ಬರುತ್ತಿದ್ದರು. ಅಲ್ಲಿ ಸಾಲಾಗಿ ಎಳೆದ ಪ್ಲಾಟುಗಳು ಬಿಟ್ಟರೆ ಒಂದು ಗಿಡವೂ ಇರಲಿಲ್ಲ. ಇನ್ನಾಸಿ ಅವರ ಅರ್ಜಿ ಬರೆದುಕೊಡುತ್ತಿದ್ದ, ಆಫೀಸುಗಳಿಗೆ ಜೊತೆಗೆ ಹೋಗುತ್ತಿದ್ದ, ನಮ್ಮ ಧರ್ಮಸಭೆಯ ಸೇವಾಸಂಸ್ಥೆಯ ಟ್ರ್ಯಾಕ್ಟರಿನಲ್ಲಿ ಅವರ ತೊಲೆ, ಬಾಗಿಲುಗಳನ್ನು ಸಾಗಿಸುತ್ತಿದ್ದ. ಕುರಿ ಕಾಯುವ ಮನೆತನಗಳ ಬೀರದೇವರ ಗುಡಿ ಮುಳುಗುವುದಿತ್ತು. ದೇವರ ಕಲ್ಲನ್ನು ಹೊಸ ಜಾಗಕ್ಕೆ ತಂದದ್ದು ಇವನೇ, ಅದೇ ಟ್ರ್ಯಾಕ್ಟರಿನಲ್ಲಿ. ಪೂಜಾರಿ ಮಾಳಪ್ಪ ಭಂಡಾರದ ಅರಿಶಿನ ಹಾರಿಸುತ್ತ ಕಲ್ಲಿನ ಪಕ್ಕ ಕೂತಿದ್ದನಂತೆ, ನಮ್ಮ ಪಾದ್ರಿ ಸ್ಟೇರಿಂಗ್ ಹಿಡಿದಿದ್ದನಂತೆ. ಬಿಷಪ್ಪರಿಗೆ ಯಾರೋ ಚಾಡಿ ಬರೆದರು. ಬಿಷಪ್ಪರು ಓದಿ ನಕ್ಕು ಬಿಟ್ಟರು.

ಅದೇ ಕೇಂದ್ರದಲ್ಲಿ ತೆರೆಜಾ ಸರ್ಕಾರಿ ಎ.ಎನ್.ಎಂ. ಆಗಿದ್ದಳು. ಹೆರಿಗೆ, ಲಸಿಕೆ, ಭೇದಿ, ಜ್ವರ ಎಲ್ಲ ನೋಡುವ ಕೆಲಸ. ಜನ ನರ್ಸಬಾಯಿ ಎನ್ನುತ್ತಿದ್ದರು. ಬನಹಟ್ಟಿಯ ಕಥೋಲಿಕ ನೇಕಾರರ ಮನೆಯ ಹುಡುಗಿ. ತಂದೆ ಇಲ್ಲ, ತಾಯಿ ಅನ್ನವ್ವ ಒಬ್ಬಳೇ. ಐದು ವರ್ಷ ಇಬ್ಬರೂ ಒಂದೇ ಮಣ್ಣಿನಲ್ಲಿ ಓಡಾಡಿದರು. ನೀರಿನ ಟಾಕಿಗೆ ಪುಡಿ ಹಾಕಿಸುವುದು, ಬಾಣಂತಿಯನ್ನು ಟ್ರ್ಯಾಕ್ಟರಿನಲ್ಲಿ ಬಾಗಲಕೋಟೆಗೆ ಒಯ್ಯುವುದು, ಇಂಥದ್ದರ ನಡುವೆ ಒಬ್ಬರಿಗೊಬ್ಬರು ಬೇಕಾದರು. ಅದಕ್ಕಿಂತ ಹೆಚ್ಚಿನದು ಏನೂ ನಡೆಯಲಿಲ್ಲ. ಇದನ್ನು ನಾನು ಇಬ್ಬರಿಂದಲೂ ಪ್ರಮಾಣ ಮಾಡಿಸಿ ಬರೆದುಕೊಂಡಿದ್ದೇನೆ.

೨೦೦೩ರ ಫೆಬ್ರುವರಿಯಲ್ಲಿ ಇನ್ನಾಸಿ ಜಮಖಂಡಿಗೆ ಬಂದು ನನ್ನ ಪಡಸಾಲೆಯಲ್ಲಿ ಕೂತ. ಚಹಾ ಮುಟ್ಟಲಿಲ್ಲ.

“ನಾ ಬಿಡಬೇಕಂತ ಮಾಡೀನ್ರಿ ಫಾದರ್. ಕಳ್ಳತನ ಮಾಡ್ಕೊಂಡು ಇರಾಕ ನನಗ ಆಗೂದಿಲ್ಲ. ಹಂಗ ಇರೂ ಮಂದಿನೂ ಅದಾರ, ನಿಮಗೂ ಗೊತ್ತೈತಿ.”

ನನಗೆ ಗೊತ್ತಿತ್ತು.

“ಆಕೀನ ಲಗ್ನ ಆಗಬೇಕು. ಗುಡಿಯಾಗ, ದೇವರ ಮುಂದ. ಅದಕ್ಕ ಏನ ಮಾಡಬೇಕೋ ಹೇಳ್ರಿ, ನಾ ಮಾಡ್ತೀನಿ.”

ಮಾಡಬೇಕಾದದ್ದು ಇಷ್ಟು. ಗುರು ತನ್ನ ಬಿಷಪ್ಪರ ಮೂಲಕ ರೋಮಿಗೆ ಅರ್ಜಿ ಹಾಕಬೇಕು. ಅದಕ್ಕೆ ಡಿಸ್ಪೆನ್ಸೇಶನ್ ಎನ್ನುತ್ತಾರೆ, ಅಂದರೆ ಬ್ರಹ್ಮಚರ್ಯದ ಕಟ್ಟಿನಿಂದ ಬಿಡುಗಡೆ. ಬಿಷಪ್ಪರು ಒಬ್ಬ ವಿಚಾರಣಾಧಿಕಾರಿಯನ್ನು ನೇಮಿಸುತ್ತಾರೆ. ಅವನು ಅರ್ಜಿದಾರನನ್ನೂ ಸಾಕ್ಷಿಗಳನ್ನೂ ಕೇಳಿ ಕಡತ ಕಟ್ಟಿ, ತನ್ನ ಅಭಿಪ್ರಾಯ ಬರೆದು ಕಳಿಸುತ್ತಾನೆ. ಬಿಡುಗಡೆ ಸಿಗುವವರೆಗೆ ಆ ಗುರು ಯಾರನ್ನು ಮದುವೆಯಾದರೂ ಧರ್ಮಸಭೆಯ ಲೆಕ್ಕದಲ್ಲಿ ಅದು ಮದುವೆಯೇ ಅಲ್ಲ. ಇನ್ನೊಂದು ತೊಡಕಿತ್ತು. ನಲವತ್ತು ತುಂಬದವರ ಅರ್ಜಿಯನ್ನು ಆ ಕಾಲದಲ್ಲಿ ಸಾಮಾನ್ಯವಾಗಿ ಎತ್ತಿಕೊಳ್ಳುತ್ತಲೇ ಇರಲಿಲ್ಲ. ಇನ್ನಾಸಿಗೆ ಆಗ ಮೂವತ್ತೆಂಟು.

ಇದನ್ನು ಹೇಳಲು ನಾನೇ ಬನಹಟ್ಟಿಗೆ ಹೋದೆ. ಅನ್ನವ್ವನ ಮನೆಯ ಒಂದು ಮಗ್ಗುಲಿಗೆ ಪಕ್ಕದವರ ಪವರ್‌ಲೂಮುಗಳು. ಕರೆಂಟು ಇದ್ದಷ್ಟು ಹೊತ್ತು ಖಟಖಟ ಸದ್ದು ನಿಲ್ಲುತ್ತಿರಲಿಲ್ಲ, ಗಟ್ಟಿಯಾಗಿ ಮಾತಾಡದಿದ್ದರೆ ಎದುರಿಗೆ ಕೂತವರಿಗೂ ಕೇಳುತ್ತಿರಲಿಲ್ಲ. ಅನ್ನವ್ವ ನೇರವಾಗಿ ಕೇಳಿದಳು, “ಈ ಮೇ ತಿಂಗಳದಾಗ ನೀವ ಲಗ್ನ ಮಾಡಿಕೊಟ್ಟರ ಏನಾಗ್ತೈತ್ರಿ ಫಾದರ್?”

“ಕಾನೂನಿನ್ಯಾಗ ಬರೂದಿಲ್ಲವ್ವಾ,” ಎಂದೆ.

ತೆರೆಜಾ ಬೆರಳು ಮಡಿಸಿ ಎಣಿಸಿದಳು. ಅವಳಿಗೆ ಮೂವತ್ತೊಂದು. ಇವನಿಗೆ ನಲವತ್ತು ತುಂಬಲು ಎರಡು ವರ್ಷ. ಆಮೇಲೆ ರೋಮಿನ ಉತ್ತರಕ್ಕೆ ಒಂದೂವರೆ ವರ್ಷ ಎಂದು ನಾನು ಹೇಳಿದ್ದೆ. ದಿನಾ ಹೆರಿಗೆ ಮಾಡಿಸುವವಳಿಗೆ ಹೆಣ್ಣಿನ ವಯಸ್ಸಿನ ಲೆಕ್ಕ ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ಮೂವತ್ತೈದರಾಗ ಕೂಸು ಆಗ್ತೈತ್ರಿ. ತಡಾ, ಆದ್ರೂ ಆಗ್ತೈತಿ,” ಎಂದಳು.

ಜಮಖಂಡಿಯಲ್ಲೇ ಸಬ್ ರಜಿಸ್ಟ್ರಾರ್ ಕಚೇರಿ ಇತ್ತು. ಮೂವತ್ತು ದಿನದ ನೋಟೀಸು, ಮೂವರು ಸಾಕ್ಷಿಗಳು, ಎರಡು ಸಹಿ, ಸರ್ಕಾರದ ಮದುವೆ ಮುಗಿಯುತ್ತಿತ್ತು. ಆದರೆ ಹಾಗೆ ಮಾಡಿಕೊಂಡರೆ ಪೂಜೆಯಲ್ಲಿ ಪರಮಪ್ರಸಾದ, ಅಂದರೆ ಕ್ರಿಸ್ತನ ಶರೀರವೆಂದು ಕೊಡುವ ರೊಟ್ಟಿ, ತೆಗೆದುಕೊಳ್ಳುವಂತಿಲ್ಲ. ಹೊರಗಿನವರಿಗೆ ಇದು ಸಣ್ಣ ವಿಷಯ. ತೆರೆಜಾಗೆ ವಾರದ ಆರು ದಿನದ ಸುಸ್ತು ಇಳಿಯುತ್ತಿದ್ದದ್ದೇ ಆ ಒಂದು ಗಳಿಗೆಯಲ್ಲಿ. ಬೀಳಗಿಯಿಂದ ಬಸ್ಸು ಹತ್ತಿ ಬಂದು, ಉಪವಾಸವಿದ್ದು, ಸಾಲಿನ ಕೊನೆಗೆ ನಿಂತು ತೆಗೆದುಕೊಳ್ಳುತ್ತಿದ್ದಳು. ಅವಳು ರಜಿಸ್ಟರ್ ಮದುವೆ ಬೇಡವೆಂದಳು. ನಾನು ಒಳಗೊಳಗೆ ಖುಷಿಪಟ್ಟೆ. ಕಾಯಿರಿ, ನಿಮ್ಮ ಕಡತ ನಾನು ಕಟ್ಟುತ್ತೇನೆ, ಅದು ವಾಪಸು ಬರುವುದಿಲ್ಲ ಎಂದೆ. ವಾಪಸು ಬರುವುದಿಲ್ಲ ಎಂಬ ಮಾತನ್ನು ಹೇಳಿದ್ದು ನನ್ನದೇ ಬಾಯಿ.

ಇನ್ನಾಸಿ ಪಾದ್ರಿಯ ಕೆಲಸ ಬಿಟ್ಟು ಮುಧೋಳದಲ್ಲಿ ಒಂದು ಖಾಸಗಿ ಶಾಲೆಗೆ ವಿಜ್ಞಾನದ ಮಾಸ್ತರನಾಗಿ ಸೇರಿದ, ಒಂದು ಕೋಣೆ ಬಾಡಿಗೆಗೆ ಹಿಡಿದ. ಅವಳು ಬೀಳಗಿಯಲ್ಲಿ, ಅವನು ಮುಧೋಳದಲ್ಲಿ, ಭಾನುವಾರ ಇಬ್ಬರೂ ಜಮಖಂಡಿಯಲ್ಲಿ. ಪೂಜೆಯಲ್ಲಿ ಗಂಡಸರ ಕಡೆ ಕೊನೆಯ ಚಾಪೆಯ ಮೇಲೆ ಅವನು, ಹೆಂಗಸರ ಕಡೆ ಅವಳು. ಪೂಜೆಯಾದ ಮೇಲೆ ನನ್ನ ಪಡಸಾಲೆಯಲ್ಲಿ, ನನ್ನೆದುರಿಗೆ, ಒಂದು ತಾಸು ಚಹಾ ಮತ್ತು ಮಾತು. ಮೊದಮೊದಲು ಅವನನ್ನು ಏನೆಂದು ಕರೆಯುವುದೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಐದು ವರ್ಷ ಫಾದರ್ ಎಂದವಳು. ಒಂದು ಭಾನುವಾರ ನನಗೆ ಚಹಾದ ಬಶಿ ಕೊಡುತ್ತ, “ಇವರಿಗೆ ಸಕ್ರಿ ಕಡಿಮಿ ಹಾಕೀನ್ರಿ,” ಎಂದಳು. ನಮ್ಮ ಕಡೆ ಹೆಂಡತಿ ಗಂಡನನ್ನು ಹಾಗೆ ಅನ್ನುವುದು. ಅಂದವಳೇ ಮುಖ ಕೆಳಗೆ ಹಾಕಿದಳು. ಇನ್ನಾಸಿ ಸಪ್ಪಗಿನ ಚಹಾವನ್ನು ಅಮೃತ ಕುಡಿದಂತೆ ಕುಡಿದ. ಅವತ್ತಿನಿಂದ ಅವನು ‘ಇವರು’ ಆದ.

೨೦೦೫ರಲ್ಲಿ ಅವನಿಗೆ ನಲವತ್ತು ತುಂಬಿತು. ಬಿಷಪ್ಪರು ನನ್ನನ್ನೇ ವಿಚಾರಣಾಧಿಕಾರಿಯಾಗಿ ನೇಮಿಸಿದರು. ಪ್ರಶ್ನೆಗಳ ಒಂದು ನಮೂನೆ ಇರುತ್ತದೆ. ಬೈಬಲ್ ಮುಟ್ಟಿಸಿ ಕೇಳಬೇಕು. ಅದರಲ್ಲಿ ಒಂದು: ಗುರುದೀಕ್ಷೆಗೆ ನಿಮ್ಮ ಮೇಲೆ ಯಾರ ಒತ್ತಾಯವಾದರೂ ಇತ್ತೇ?

“ಇಲ್ಲ ಅಂತ ಬರೀರಿ,” ಎಂದ ಇನ್ನಾಸಿ.

“ಬೈಬಲ್ ಮ್ಯಾಲ ಕೈ ಐತಿ, ಇನ್ನಾಸಿ.”

“ಅಪ್ಪ ಇನ್ನೂ ಅದಾನ್ರಿ ಫಾದರ್. ನಾ ಹೂಂ ಅಂದ್ರ ಅವನನ್ನ ಕರದು ಸಾಕ್ಷಿ ಕೇಳ್ತೀರಿ. ಮಗನ್ನ ದೇವರಿಗೆ ಕೊಟ್ಟೆ ಅನ್ನೂದೊಂದ ಅವನ ಕಡೆ ಉಳದೈತಿ. ಅದು ತಪ್ಪಾತು ಅಂತ ಅವನ ಬಾಯಿಂದ ಹೇಳಸ್ಲೇನು? ಕಡೀಕ ದೀಕ್ಷೆಗೆ ಹೂಂ ಅಂದಾಂವ ನಾನ. ಇಲ್ಲ ಅಂತ ಬರೀರಿ.”

ಬರೆದೆ. ಹರಕೆ, ಓಡಿಬಂದದ್ದು ಎಲ್ಲ ಗೊತ್ತಿದ್ದೂ ಬರೆದೆ. ತಂದೆಗೆ ಮಗ ಕೊಡುವ ಮರ್ಯಾದೆ ದೊಡ್ಡದು ಎನ್ನಿಸಿತು. ಜೊತೆಗೆ, ಅದಿಲ್ಲದೆಯೂ ಈ ಕಡತ ಗೆಲ್ಲುತ್ತದೆ ಎಂಬ ನಂಬಿಕೆ ಇತ್ತು. ಯಾಕೆಂದರೆ ನನ್ನ ಬಳಿ ಹನ್ನೊಂದು ಸಾಕ್ಷಿಗಳಿದ್ದರು.

ಒಳ್ಳೆಯ ಮನುಷ್ಯನೊಬ್ಬ ಕೇಳಿಕೊಂಡರೆ ದೊಡ್ಡವರು ಇಲ್ಲವೆನ್ನುವುದಿಲ್ಲ ಎಂದು ನಾನು ತಿಳಿದಿದ್ದೆ. ಆದ್ದರಿಂದ ಅವನು ಎಂಥವನೆಂದು ತೋರಿಸುವುದೇ ನನ್ನ ಕೆಲಸ ಅಂದುಕೊಂಡೆ. ಬೀಳಗಿಯ ಕೇಂದ್ರಗಳಿಗೆ ಹೋಗಿ, ಮರದ ನೆರಳಿಲ್ಲದ್ದರಿಂದ ಬಸ್ ತಂಗುದಾಣದಲ್ಲಿ ಕೂತು ಹೇಳಿಕೆ ಬರೆದುಕೊಂಡೆ. ಅವನ ಜೊತೆ ಕೆಲಸ ಮಾಡಿದ ಇಬ್ಬರು ಗುರುಗಳು, ಗುರುಮಠದ ಒಬ್ಬ ಅಧ್ಯಾಪಕ, ಸಿಸ್ಟರ್ ಒಬ್ಬರು, ಉಳಿದವರು ಜನ. ಎಲ್ಲರಿಗೂ ಕೊನೆಗೆ ಒಂದೇ ಪ್ರಶ್ನೆ: ಗುರುವಿನ ಬದುಕಿಗೆ ಈತ ಯೋಗ್ಯನಲ್ಲ ಎಂದು ನಿಮಗೆ ಎಂದಾದರೂ ಅನ್ನಿಸಿತ್ತೇ? ಹನ್ನೊಂದು ಮಂದಿಯೂ ಇಲ್ಲವೆಂದರು.

ಬೀರದೇವರ ಪೂಜಾರಿ ಮಾಳಪ್ಪನ ಹೇಳಿಕೆಯನ್ನು ನಾನು ಅಭಿಮಾನದಿಂದ ಮೊದಲಿಗೇ ಹಾಕಿದೆ. ಹಿಂದೂ ಪೂಜಾರಿಯೊಬ್ಬ ನಮ್ಮ ಗುರುವನ್ನು ಹೊಗಳುವುದು ರೋಮಿನವರಿಗೆ ಎಲ್ಲಿ ಸಿಗಬೇಕು ಎಂಬ ಲೆಕ್ಕಾಚಾರ. ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದಿದ್ದ ಮಾಳಪ್ಪ ಹೇಳಿದ್ದು ಇಷ್ಟು: “ಛಲೋ ಸ್ವಾಮಿಗಳು ಬರಕೋರಿ. ಅಂಥವರು ಮತ್ತ ಬರೂದಿಲ್ಲ.” ಬರೆದುಕೊಂಡ ಮೇಲೆ ಅವನೇ ಕೇಳಿದ, “ಅಪ್ಪಾರ, ಬೀರದೇವರ ಪೂಜಾರಿ ನಾನ. ನನಗ ಹೇಂತಿ ಅದಾಳ, ನಾಕ ಮಕ್ಕಳದಾರ. ದೇವರು ಒಂದಿನಾನೂ ತಕರಾರ ಮಾಡಿಲ್ಲ. ನಿಮ್ಮ ದೇವರಿಗೆ ಏನ ತ್ರಾಸ ಆಗಾಕತ್ತೈತಿ?”

ದೇವರಿಗೆ ತ್ರಾಸಿಲ್ಲ ಮಾಳಪ್ಪ, ಕಾನೂನಿಗೆ ಅಂದೆ. ಅವನಿಗೆ ಸಮಾಧಾನವಾಗಲಿಲ್ಲ. ನನಗೆ ಆಗಿತ್ತು ಎಂದು ಹೇಳಲಾರೆ.

ಕಡತ ಎಂಬತ್ತನಾಲ್ಕು ಪುಟವಾಯಿತು. ಕೊನೆಯಲ್ಲಿ ನನ್ನ ಅಭಿಪ್ರಾಯ. ಇಂಥ ಗುರು ನಮ್ಮ ಸಭೆಗೆ ಸಿಗುವುದು ಅಪರೂಪ, ದೀಕ್ಷೆಯ ಯಾವ ಯೋಗ್ಯತೆಯಲ್ಲೂ ಆತನಿಗೆ ಕೊರತೆ ಇರಲಿಲ್ಲ, ಆದ್ದರಿಂದ ಆತನ ಕೋರಿಕೆಯನ್ನು ಕರುಣೆಯಿಂದ ನೋಡಬೇಕು ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿದೆ. ಬಿಷಪ್ಪರು ಅದನ್ನು ರೋಮಿಗೆ ಕಳಿಸಿದರು. ಅದಕ್ಕಿಂತ ಒಪ್ಪವಾದ ಕಡತವನ್ನು ನಾನು ಹಿಂದೆ ಕಟ್ಟಿರಲಿಲ್ಲ, ಮುಂದೆಯೂ ಕಟ್ಟಲಿಲ್ಲ.

೨೦೦೭ರ ಮಾರ್ಚಿನಲ್ಲಿ ಉತ್ತರ ಬಂತು. ಒಂದೇ ಹಾಳೆ. ‘ಸದ್ಯಕ್ಕೆ ಉಚಿತವಲ್ಲ’ ಎಂಬ ಅರ್ಥದ ಎರಡು ಲ್ಯಾಟಿನ್ ಪದಗಳು, ಕೆಳಗೆ ಕಾರಣದ ನಾಲ್ಕು ಸಾಲು. ಮದುವೆಯಾಗಬೇಕೆಂಬ ಇಚ್ಛೆಯೊಂದೇ ಬಿಡುಗಡೆಗೆ ಕಾರಣವಾಗುವುದಿಲ್ಲ. ದೀಕ್ಷೆಯ ಹೊತ್ತಿಗೇ ಅರ್ಜಿದಾರನಲ್ಲಿ ಸ್ವಾತಂತ್ರ್ಯದ ಅಥವಾ ಪಕ್ವತೆಯ ಕೊರತೆ ಇತ್ತೆಂದು ತೋರಿಸಬೇಕು. ಇಲ್ಲಿ ಒತ್ತಾಯವಿರಲಿಲ್ಲ ಎಂದು ಆತನೇ ಹೇಳಿದ್ದಾನೆ, ಸಾಕ್ಷಿಗಳೆಲ್ಲರೂ ಆತ ಉತ್ತಮ ಗುರುವೆಂದಿದ್ದಾರೆ, ವಿಚಾರಣಾಧಿಕಾರಿಯೂ ಹಾಗೆಯೇ ಅಭಿಪ್ರಾಯಪಟ್ಟಿದ್ದಾರೆ. ಆತನನ್ನು ಮರಳಿ ಸೇವೆಗೆ ಬರುವಂತೆ ಒಲಿಸಿರಿ.

ಆ ನಾಲ್ಕು ಸಾಲಿನಲ್ಲಿ ಕಾನೂನಿನ ತಪ್ಪು ಒಂದೂ ಇರಲಿಲ್ಲ. ನಾನು ಓದಿದ್ದ ಪುಸ್ತಕದಲ್ಲೂ ಅದೇ ಇತ್ತು. ಆತ ಪಾದ್ರಿಯಾಗಲೇಬಾರದಿತ್ತು ಎಂದು ಸಾಬೀತು ಮಾಡಬೇಕಾದ ಜಾಗದಲ್ಲಿ ನಾನು ಆತನಂಥ ಪಾದ್ರಿ ಇನ್ನೊಬ್ಬನಿಲ್ಲ ಎಂದು ಎಂಬತ್ತನಾಲ್ಕು ಪುಟ ಸಾಬೀತು ಮಾಡಿದ್ದೆ. ಶಿಫಾರಸು ಪತ್ರ ಬರೆದು ಬರೆದು ಕೈಗೆ ಅಭ್ಯಾಸವಾಗಿತ್ತು, ಇದನ್ನೂ ಶಿಫಾರಸಿನಂತೆ ಬರೆದುಬಿಟ್ಟಿದ್ದೆ.

ಭಾನುವಾರ ಪಡಸಾಲೆಯಲ್ಲಿ ಹಾಳೆ ಓದಿ ಹೇಳಿದೆ. ಇನ್ನಾಸಿ ಅದನ್ನು ಇಸಿದುಕೊಂಡು ತಾನೂ ಓದಿದ. ತೆರೆಜಾ ಮೆಲ್ಲಗೆ ಕೇಳಿದಳು, “ಅಂದ್ರ ಇವರು ಕೆಟ್ಟವರಿದ್ದಿದ್ರ ಬಿಡ್ತಿದ್ರೇನ್ರಿ?”

ಆಮೇಲೆ ಅವಳೇ ಇನ್ನೊಂದು ಮಾತು ಕೇಳಿದಳು. “ಫಾದರ್, ರಜಿಸ್ಟರ್ ಆಫೀಸಿಗೆ ಹೋಗಲೇನ್ರಿ? ಪ್ರಸಾದ ಇಲ್ಲದ ಇರತೇನಿ. ನೀವು ಹೂಂ ಅನ್ರಿ, ನಾಳೆನ ಹೋಗ್ತೀವಿ.”

ಅವಳಿಗೆ ಮೂವತ್ತೈದಾಗಿತ್ತು. ನಾನು ಹೂಂ ಅನ್ನಬಹುದಿತ್ತು. ಅನ್ನದಿದ್ದರೂ ಸುಮ್ಮನಿರಬಹುದಿತ್ತು, ಅವಳು ಅರ್ಥ ಮಾಡಿಕೊಳ್ಳುತ್ತಿದ್ದಳು. ಆದರೆ ನನ್ನ ಕಡತ ಸೋತಿತ್ತು, ಅದು ಗೆಲ್ಲಬೇಕಿತ್ತು. “ಇನ್ನೊಂದಿಷ್ಟು ಕಾಯಿ ತಂಗಿ. ಇಷ್ಟು ಕಾದೀರಿ,” ಎಂದೆ. ಅವಳು ತಲೆಯಾಡಿಸಿ ಕಪ್ಪು-ಬಶಿಗಳನ್ನು ತೊಳೆಯಲು ಎತ್ತಿಕೊಂಡು ಒಳಗೆ ಹೋದಳು.

ಆ ವರ್ಷದ ಕೊನೆಗೆ ಇನ್ನಾಸಿಯ ತಂದೆ ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ಇನ್ನಾಸಿ ತಾನಾಗಿಯೇ ಕೂತು ಹದಿನಾಲ್ಕು ಪುಟ ಬರೆದ. ಹರಕೆ, ಟ್ರಂಕು, ಓಡಿಬಂದ ಎರಡು ಸಲ, ದೀಕ್ಷೆಯ ಹಿಂದಿನ ವಾರ ತಂದೆ ಅವನ ಕಾಲು ಹಿಡಿದು ಬೇಡಿದ್ದು. ಕಾಲು ಹಿಡಿದದ್ದು ನನಗೂ ಗೊತ್ತಿರಲಿಲ್ಲ. ಅಕ್ಷರ ದುಂಡಗಿತ್ತು, ಒಂದೆರಡು ಕಡೆ ಶಾಯಿ ಕದಡಿತ್ತು. ನಾನು ಮತ್ತೆ ಸಾಕ್ಷಿಗಳ ಬಳಿ ಹೋದೆ. ಈ ಸಲ ಅವನ ಕೊರತೆಗಳನ್ನು ಹುಡುಕಿಕೊಂಡು. ಮುಂಗೋಪ ಇತ್ತೇ, ಪೂಜೆ ತಪ್ಪಿಸುತ್ತಿದ್ದನೇ, ಒಬ್ಬನೇ ಕೂತು ಅಳುತ್ತಿದ್ದನೇ ಎಂದು ಕೇಳುತ್ತ ತಿರುಗಿದೆ. ಮಾಳಪ್ಪ ಎದ್ದು ನಿಂತುಬಿಟ್ಟ.

“ದೇವರ ಕಲ್ಲ ಹೊತ್ತ ಮನಶ್ಯಾನ್ನ ಬಯ್ಯಂತೀರಿ? ನನ್ನ ನಾಲಿಗಿ ಏಳೂದಿಲ್ಲ ಅಪ್ಪಾರ. ಬೇರೇದವರನ್ನ ನೋಡ್ಕೋರಿ.”

ಊರಿನ ಇಬ್ಬರು ಮುದುಕರು ಹರಕೆಯ ವಿಷಯ ಹೇಳಿದರು, ಅಷ್ಟು ಸಾಕಾಯಿತು. ೨೦೦೮ರ ಆಗಸ್ಟಿನಲ್ಲಿ ಎರಡನೆಯ ಕಡತ ಹೋಯಿತು. ತೆಳ್ಳಗಿತ್ತು, ಮೊದಲಿನದರಷ್ಟು ಚೆಂದವಿರಲಿಲ್ಲ. ಹರಕೆಯ ಮಾತನ್ನು ಮೂರು ವರ್ಷ ಮೊದಲೇ ಬರೆದಿದ್ದರೆ ಎಂದು ಅದನ್ನು ಅಂಚೆಗೆ ಹಾಕುವಾಗಲೇ ಅನ್ನಿಸಿತ್ತು.

ನವೆಂಬರಿನಲ್ಲಿ ತೆರೆಜಾಗೆ ಹೊಟ್ಟೆನೋವು ಕಾಣಿಸಿತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಗರ್ಭಕೋಶದ ಕ್ಯಾನ್ಸರ್ ಎಂದರು, ಗರ್ಭಕೋಶ ತೆಗೆದರು. ನರ್ಸಬಾಯಿಗೆ ಯಾರೂ ಸುಳ್ಳು ಹೇಳಲು ಸಾಧ್ಯವಿರಲಿಲ್ಲ. ರೋಗ ಹರಡಿದ್ದನ್ನು ರಿಪೋರ್ಟಿನಲ್ಲಿ ತಾನೇ ಓದಿಕೊಂಡು ಬನಹಟ್ಟಿಗೆ ತಾಯಿಯ ಮನೆಗೆ ಬಂದಳು. ಇನ್ನಾಸಿ ಶಾಲೆ ಬಿಟ್ಟ ಕೂಡಲೇ ಮುಧೋಳದಿಂದ ಬಸ್ಸು ಹಿಡಿದು ಬರುತ್ತಿದ್ದ, ಕತ್ತಲಾಗುವುದರೊಳಗೆ ವಾಪಸು ಹೋಗುತ್ತಿದ್ದ. ಮದುವೆಯಾಗದ ಗಂಡಸು ಆ ಮನೆಯಲ್ಲಿ ಉಳಿಯುವಂತಿರಲಿಲ್ಲ. ಓಣಿಯವರು ಏನೂ ಅನ್ನುತ್ತಿರಲಿಲ್ಲ. ಇವರೇ ಹಾಕಿಕೊಂಡ ಗೆರೆ ಅದು.

೨೦೦೯ರ ಜೂನಿನ ಒಂದು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಇನ್ನಾಸಿಯ ಫೋನು ಬಂತು, ಅನ್ನವ್ವ ಕರೆಸಿದ್ದಳೆಂದು ಅವನು ನಸುಕಿನಲ್ಲೇ ಬನಹಟ್ಟಿಗೆ ಬಂದಿದ್ದ. ತೆರೆಜಾಳ ಉಸಿರು ಕೆಟ್ಟಿದೆ, ರೋಗಿಗಳಿಗೆ ಹಚ್ಚುವ ಪವಿತ್ರ ತೈಲ ತೆಗೆದುಕೊಂಡು ಬನ್ನಿ ಎಂದ. ಅನ್ನವ್ವ ಫೋನು ಕಸಿದುಕೊಂಡಳು. “ಹಾಸಿಗಿ ಮ್ಯಾಲ ಲಗ್ನ ಮಾಡ್ರಿ ಫಾದರ್. ತಾಳಿ ತರಸೀನಿ. ಒಂದ ತಾಸ ಹೇಂತಿ ಆಗಿ ಹೋಗ್ಲಿ.”

ಇಲ್ಲೊಂದು ಕಾನೂನಿದೆ. ಮದುವೆಯಾಗಬೇಕಾದವರಲ್ಲಿ ಒಬ್ಬರು ಸಾಯುವ ಸ್ಥಿತಿಯಲ್ಲಿದ್ದರೆ, ಸಭೆಯ ಕಟ್ಟಳೆಯಿಂದ ಬಂದ ಎಲ್ಲ ಅಡ್ಡಿಗಳನ್ನೂ ಸ್ಥಳೀಯ ಬಿಷಪ್ಪರೇ ತೆಗೆದುಹಾಕಬಹುದು. ಒಂದನ್ನು ಬಿಟ್ಟು. ವರ ಗುರುದೀಕ್ಷೆ ಪಡೆದವನಾಗಿದ್ದರೆ ಬಿಷಪ್ಪರಿಗೂ ಆ ಅಧಿಕಾರವಿಲ್ಲ. ನನಗೆ ಇದು ಬಾಯಿಪಾಠವಿತ್ತು. ಆದರೂ ಅನ್ನವ್ವನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಬಿಷಪ್ಪರನ್ನು ಕೇಳಿ ಬರುತ್ತೇನೆ ಎಂದೆ. ಕಚೇರಿಗೆ ಫೋನು ಹಚ್ಚಿದೆ, ಬಿಷಪ್ಪರು ಮೀಟಿಂಗಿನಲ್ಲಿದ್ದಾರೆ, ಮುಗಿದ ಕೂಡಲೇ ಅವರೇ ಫೋನು ಮಾಡುತ್ತಾರೆ ಎಂದರು. ನನ್ನ ಬಳಿ ಮೊಬೈಲ್ ಇರಲಿಲ್ಲ. ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಎಂಟು, ಒಂಬತ್ತು, ಹತ್ತು. ಮಡಿಲಲ್ಲಿ ತೈಲದ ಸಣ್ಣ ಡಬ್ಬಿ. ಬನಹಟ್ಟಿಗೆ ಅರ್ಧ ತಾಸಿನ ದಾರಿ. ಹತ್ತೂ ನಲವತ್ತಕ್ಕೆ ಫೋನು ಬಂತು.

“ಆ ಪುಸ್ತಕ ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ಫಾದರ್,” ಎಂದರು ಬಿಷಪ್ಪರು. ಅವರನ್ನು ನಾನು ದೂರುವುದಿಲ್ಲ.

ಬನಹಟ್ಟಿಗೆ ಫೋನು ಹಚ್ಚಿ ಅನ್ನವ್ವನಿಗೆ ಹೇಳಿದೆ, “ಕಾನೂನಿನ್ಯಾಗ ಬರೂದಿಲ್ಲವ್ವಾ.” ಆಮೇಲೆ ನಿಲ್ದಾಣಕ್ಕೆ ಹೋಗಿ ಹನ್ನೊಂದೂವರೆಯ ಬಸ್ಸು ಹತ್ತಿದೆ.

ನಾನು ಮುಟ್ಟಿದಾಗ ಹನ್ನೆರಡಾಗಿತ್ತು. ಓಣಿಗೆ ತಿರುಗಿದ ಕೂಡಲೇ ತಿಳಿಯಿತು. ಪಕ್ಕದ ಮನೆಯವರು ಲೂಮುಗಳನ್ನು ಬಂದ್ ಮಾಡಿದ್ದರು. ಅಂಥ ಮೌನವನ್ನು ಆ ಓಣಿಯಲ್ಲಿ ನಾನು ಹಿಂದೆ ಕೇಳಿರಲಿಲ್ಲ. ಅರ್ಧ ತಾಸಿನ ಹಿಂದೆ ಪ್ರಾಣ ಹೋಗಿತ್ತು. ಅನ್ನವ್ವ ಹೊಸ್ತಿಲ ಮೇಲೆ ಕೂತಿದ್ದಳು, ಉಡಿಯಲ್ಲಿ ತಾಳಿಯ ಪುಡಿಕೆ ಹಾಗೇ ಇತ್ತು. ಇನ್ನಾಸಿ ಹಾಸಿಗೆಯ ಪಕ್ಕದಿಂದ ಎದ್ದು ಬಂದ.

“ನೀವು ಬರೂದು ತಡಾ ಆತು. ಆಕಿ ಪಾಪನಿವೇದನೆ ಮಾಡಬೇಕಂದ್ಲು. ನಾನ ಕೇಳಿದೆ. ಅದು ನಡೀತೈತೇನ್ರಿ?”

ನಡೆಯುತ್ತದೆ. ಕೆಲಸ ಬಿಟ್ಟ ಪಾದ್ರಿಯಾದರೂ, ಅಧಿಕಾರ ಕಳೆದುಕೊಂಡವನಾದರೂ, ಸಾಯುತ್ತಿರುವವರ ಪಾಪನಿವೇದನೆ ಕೇಳಿ ಕ್ಷಮೆ ನೀಡಬಹುದು. ಅದು ಪೂರ್ತಿ ಸಿಂಧು. ನಡೀತೈತಿ ಎಂದೆ. ಅವನು ತಲೆಯಾಡಿಸಿದ. ಹಿಂದಿನಿಂದ ಅನ್ನವ್ವ ಕೇಳಿದಳು, “ಕಾಲ ತಾಸ ಮಾತಾಡಿದ್ಲಲ್ಲ, ಏನಂದ್ಲಪ್ಪಾ ಕಡೀಕ? ನನ್ನ ಹೊರಗ ಕುಂದ್ರಿಸಿದ್ರಿ. ಲೂಮಿನ ಸಪ್ಪಳದಾಗ ನನಗ ಏನೂ ಕೇಳಲಿಲ್ಲ.”

ಇನ್ನಾಸಿ ಉತ್ತರ ಕೊಡಲಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಯಾರಿಗೂ ಹೇಳುವಂತಿಲ್ಲ. ಕೋರ್ಟಿಗೂ ಇಲ್ಲ, ತಾಯಿಗೂ ಇಲ್ಲ, ಸತ್ತವರ ಹೆಸರಿನಲ್ಲೂ ಇಲ್ಲ. ಈ ಒಂದು ಕಟ್ಟಳೆಗೆ ಯಾವ ಬಿಡುಗಡೆಯ ಅರ್ಜಿಯೂ ಇಲ್ಲ.

ರೋಮಿನ ಬಿಡುಗಡೆ ಪತ್ರ ೨೦೧೦ರ ಮಾರ್ಚಿನಲ್ಲಿ ಬಂತು. ಅರ್ಜಿದಾರನ ಕೈಗೆ ಕೊಟ್ಟು ಸಹಿ ಪಡೆಯುವುದು ನನ್ನ ಕೆಲಸ. ಒಂದು ಶನಿವಾರ ಮಧ್ಯಾಹ್ನ ಮುಧೋಳಕ್ಕೆ ಹೋದೆ. ಅವನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದ. ಕೆಂಪು ಪೆನ್ನು ಕೆಳಗಿಟ್ಟು ಪತ್ರವನ್ನು ನಿಧಾನವಾಗಿ ಓದಿದ. ಇನ್ನು ಅವನು ಬ್ರಹ್ಮಚರ್ಯದ ಕಟ್ಟಿನಿಂದ ಮುಕ್ತ, ಮದುವೆಯಾಗಬಹುದು. ಇನ್ನು ಪೂಜೆ ಮಾಡುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ, ಸಾಯುತ್ತಿರುವವರದನ್ನು ಬಿಟ್ಟು. ಆ ಸಾಲಿನ ಮೇಲೆ ಬೆರಳಿಟ್ಟ.

“ಇಷ್ಟ ಮಾತ್ರ ನನಗ ಉಳಿಸ್ಯಾರ ನೋಡ್ರಿ.”

ಸಹಿ ಮಾಡಿದ. ಚಹಾ ಕಾಯಿಸಿ ತಂದ. ಸಕ್ಕರೆ ಕಡಿಮೆ ಇತ್ತು.

“ಅನ್ನವ್ವ ಪ್ರತಿ ವಾರ ಕೇಳ್ತಾಳ್ರಿ, ಕಡೀಕ ಏನಂದ್ಲು ಅಂತ. ಗಂಡ ಆಗಿ ಕುಂತಿದ್ರ ಹೇಳ್ತಿದ್ದೆ. ನಾನೂ ಯಾರ ಮುಂದರ ಹೇಳ್ಕೊಂಡು ಅಳತಿದ್ದೆ. ಈಗ ನನಗ ಅದೂ ಇಲ್ಲ.” ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಹೇಳಿದ, “ಒಂದ ಮಾತ ಹೇಳಬಹುದು ಅನಸ್ತೈತಿ. ಅದು ಪಾಪ ಅಲ್ಲ. ಶುರು ಮಾಡೂ ಮುಂದ ಆಕಿ ನನ್ನ ಫಾದರ್ ಅಂದ್ಲು. ಆರು ವರ್ಷದಾಗ ಒಮ್ಮೆನೂ ಅಂದಿದ್ದಿಲ್ಲ.”

ನಾನು ಆಮೇಲೆಯೂ ಹತ್ತು ವರ್ಷ ಸೇವೆಯಲ್ಲಿದ್ದೆ. ಗುರುಗಳಿಗೆ ಮದುವೆ ಬೇಕೇ ಬೇಡವೇ ಎಂದು ಯಾರಾದರೂ ಚರ್ಚೆ ಎತ್ತಿದರೆ ಎದ್ದು ಹೋಗುತ್ತಿದ್ದೆ. ನನ್ನ ಕೆಲಸ ನನಗೆ ಕಲಿಸಿದ್ದು ಅದಕ್ಕಿಂತ ಚಿಕ್ಕದು. ಕಾಯುವ ದಿನಗಳು ನಮ್ಮವಲ್ಲದಾಗ ಯಾರಿಗೂ ಕಾಯಿರಿ ಎನ್ನಬಾರದು. ಅದನ್ನು ಕಲಿತು ತೆರೆಜಾಗೆ ಏನೂ ಉಪಯೋಗವಾಗಲಿಲ್ಲ. ನನಗೂ ಆಗಿಲ್ಲ.

ವರ್ಗವಾಗಿ ಹೊರಡುವ ಮುಂಚೆ ಬನಹಟ್ಟಿಗೆ ಹೋಗಿದ್ದೆ. ಲೂಮುಗಳು ಓಡುತ್ತಿದ್ದವು. ಅನ್ನವ್ವ ನನ್ನ ಕಿವಿಯ ಹತ್ತಿರ ಬಾಯಿ ತಂದು ಗಟ್ಟಿಯಾಗಿ ಕೇಳಿದಳು, “ನನಗ ಹೇಳವಲ್ಲ. ನೀವೂ ಫಾದರ್ ಅದೀರಿ, ನಿಮಗರ ಹೇಳ್ತಾನ. ಏನಂದ್ಲು ಕೇಳಿ ಹೇಳ್ರಿ.”

“ಕಾನೂನಿನ್ಯಾಗ ಬರೂದಿಲ್ಲವ್ವಾ,” ಎಂದೆ. ಆ ಮನೆಯವರಿಗೆ ಈ ಮಾತು ಹೇಳಿದ್ದು ಅದು ಮೂರನೆಯ ಸಲ.